ಜೊತೆಗೆ ಒಬ್ಬ ಅತಿಥಿ

ರಬಾಬ್ ಪರದೆ ಹೊಲಿಯುವವಳು. ಅಮ್ಮಾನ್ ನಗರದಲ್ಲಿ ಅವಳಿದ್ದ ಬೀದಿಯ ಅರ್ಧಕ್ಕರ್ಧ ಮನೆಗಳ ಕಿಟಕಿಗಳಿಗೆ ಅವಳ ಕೈಯ ಪರದೆಗಳೇ. ಬಟ್ಟೆಯನ್ನೆಲ್ಲ ಪೇಟೆಯ ಒಂದೇ ದೊಡ್ಡ ಮಳಿಗೆಯಲ್ಲಿ ಕೊಳ್ಳುತ್ತಿದ್ದುದರಿಂದ ಮಳಿಗೆಯವರು ತಾವೇ ಕೊಟ್ಟಿದ್ದ ಹಳೆಯ ಕ್ರೆಡಿಟ್ ಕಾರ್ಡನ್ನು ಹಿಂತೆಗೆದುಕೊಂಡು ಕಪ್ಪು ಬಣ್ಣದ್ದೊಂದನ್ನು ಕೊಟ್ಟರು. ವಿಮಾನ ನಿಲ್ದಾಣದ ಲೌಂಜಿನಲ್ಲಿ ಊಟ, ವಿಶ್ರಾಂತಿ, ಸಾಮಾನಿಗೆ ವಿಮೆ, ಹೋಟೆಲಿನಲ್ಲಿ ದೊಡ್ಡ ಕೋಣೆ, ಹೀಗೆ ಪ್ರಯಾಣದ ಸವಲತ್ತುಗಳೇ ಅದರ ತುಂಬ. ವರ್ಷಕ್ಕೊಮ್ಮೆ ಶುಲ್ಕವನ್ನೂ ಕಟ್ಟಬೇಕಿತ್ತು.

ಫ್ರಿಜ್ ರಿಪೇರಿ ಮಾಡುವ ಅವಳ ಗಂಡ ಮುಂದಿರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವುದು ಮಗ ಲೈಥ್‌ನ ತಾಯಿ, ಲೈಥ್‌ನ ತಂದೆ ಎಂದೇ.

"ಅಲ್ಲ ಉಮ್ಮ್ ಲೈಥ್, ನೀನು ಕೊನೇ ಸಲ ವಿಮಾನ ಹತ್ತಿದ್ದು ಯಾವಾಗ?"

"ಹತ್ತೇ ಇಲ್ಲ."

"ಮತ್ತೆ ಲೌಂಜಲ್ಲಿ ಹೋಗಿ ಏನ್ಮಾಡ್ತೀಯ? ಕಿಟಕಿ ಅಳತೆ ತಗೋತೀಯಾ?"

ರಬಾಬ್ ನಕ್ಕಳು. ನಿಜವೇ. ಗಡಿಯಾಚೆಯ ತವರೂರು ಹೋಮ್ಸ್‌ನಿಂದ ಮದುವೆಯಾಗಿ ಬಂದದ್ದೂ ರಸ್ತೆಯಲ್ಲೇ, ಬಸ್ಸಿನಲ್ಲಿ. ಕಾರ್ಡನ್ನು ಮರಳಿಸಿಬಿಡೋಣ ಎಂದುಕೊಂಡೇ ಅದರ ಜೊತೆ ಬಂದಿದ್ದ ಪುಸ್ತಿಕೆಯನ್ನು ಬಿಡಿಸಿದಳು. ಲೌಂಜಿನ ಪುಟದಲ್ಲಿ ಒಂದು ಸಾಲಿತ್ತು: ಕಾರ್ಡುದಾರರು ಜೊತೆಗೆ ಒಬ್ಬ ಅತಿಥಿಯನ್ನು ಕರೆದೊಯ್ಯಬಹುದು. ಆ ಸಾಲಿನ ಮೇಲೆ ಅವಳ ಬೆರಳು ನಿಂತುಬಿಟ್ಟಿತು.

ಅವಳಿಗಿದ್ದವನು ಒಬ್ಬನೇ ತಮ್ಮ, ನವ್ವಾರ್. ತವರಿನಲ್ಲಿ ಯುದ್ಧ ಶುರುವಾದ ಮೇಲೆ ಸಮುದ್ರ ದಾಟಿ ಸ್ವೀಡನ್ ಸೇರಿದ್ದ. ಅವನ ಬಳಿಯಿದ್ದ ನಿರಾಶ್ರಿತರ ಪ್ರಯಾಣಪತ್ರಕ್ಕೆ ಅಮ್ಮಾನಿನ ವೀಸಾ ಸಿಗಲಿಲ್ಲ. ಅವಳಿಗೆ ಸ್ವೀಡನ್ನಿನದು ಸಿಗಲಿಲ್ಲ. ಕೇಳಿದಾಗಲೆಲ್ಲ ಇಲ್ಲವೆಂದೇ ಬಂತು. ತಾಯಿ ಹೋಮ್ಸ್‌ನಲ್ಲಿ ತೀರಿಕೊಂಡಾಗ ಇಬ್ಬರೂ ಫೋನು ಹಿಡಿದುಕೊಂಡು ಒಬ್ಬರ ಅಳು ಒಬ್ಬರು ಕೇಳಿದ್ದಷ್ಟೇ. ಮನೆಗೆ ಯಾರೇ ಬರಲಿ, ಚಹಾ ಸುರಿಯುವಾಗ ಅವಳು ಇವರಲ್ಲಿ ನವ್ವಾರ್ ಇಲ್ಲವಲ್ಲ ಎಂದುಕೊಳ್ಳುತ್ತಿದ್ದಳು.

ಬ್ರೆಡ್ ಬೇಯಿಸುವ ಯಂತ್ರಗಳ ಕಂಪನಿಯಲ್ಲಿ ಕೆಲಸಕ್ಕಿದ್ದ ನವ್ವಾರ್ ಆ ಚಳಿಗಾಲದಲ್ಲಿ ಮಸ್ಕತ್ತಿನ ಬೇಕರಿಯೊಂದಕ್ಕೆ ಹೋಗಬೇಕಿತ್ತು. ವೀಸಾ ಕಂಪನಿಯೇ ಮಾಡಿಸಿತ್ತು. ದಾರಿಯಲ್ಲಿ ದೋಹಾದಲ್ಲಿ ವಿಮಾನ ಬದಲಾವಣೆ. ಅದೇ ದಿನಗಳಲ್ಲಿ ರಬಾಬ್ ನೆರೆಯ ಹೆಂಗಸರ ಜೊತೆ ಉಮ್ರಾ ಯಾತ್ರೆಗೆ ಹೊರಟಿದ್ದಳು.

"ಅವರು ನೇರ ಜೆಡ್ಡಾಕ್ಕೆ ಹೋಗ್ಲಿ, ನಾನು ದೋಹಾ ಮೇಲೆ ಸುತ್ತಿಕೊಂಡು ಹೋಗ್ತೀನಿ," ಎಂದಳು ಗಂಡನಿಗೆ. "ವಿಮಾನ ಬದಲಾಯಿಸೋರಿಗೆ ಅಲ್ಲಿ ವೀಸಾ ಬೇಡ್ವಂತೆ."

"ಅಷ್ಟಕ್ಕೆ ಕಾರ್ಡ್ ಯಾಕೆ? ಅಲ್ಲೇ ಬೆಂಚಿನ ಮೇಲೆ ಕೂತು ಮಾತಾಡಿದ್ರಾಯ್ತು."

"ಅಬೂ ಲೈಥ್, ನನ್ನ ತಮ್ಮನಿಗೆ ನನ್ನ ಮನೇಲಿ ಒಂದು ಲೋಟ ಚಹಾ ಕೊಡೋಕೆ ಆಗ್ಲಿಲ್ಲ. ಇದ್ರಲ್ಲಿ ಅತಿಥಿ ಅಂತ ಬರೆದಿದೆ. ಒಂದು ಸಲ ನನ್ನ ಅತಿಥಿಯಾಗಿ ಬರಲಿ ಬಿಡು."

ಮುಂದಿರ್ ಮರುದಿನವೇ ಮಳಿಗೆಗೆ ಹೋದ. ಶುಲ್ಕ ತಾನೇ ಕಟ್ಟಿ ಬಂದ.

ಬದನೆಕಾಯಿಗೆ ಅಕ್ರೋಟು, ಮೆಣಸು ತುಂಬಿ ಎಣ್ಣೆಯಲ್ಲಿಟ್ಟ ಮಕ್ದೂಸ್ ಅಂದರೆ ನವ್ವಾರ್‌ಗೆ ಪ್ರಾಣ. ಸೀಸೆ ಒಯ್ಯಲು ಬಿಡುವುದಿಲ್ಲವೆಂದು ರಬಾಬ್ ಎಣ್ಣೆ ಬಸಿದು, ರೊಟ್ಟಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ದೋಹಾದಲ್ಲಿ ಇಳಿದವಳು ಕೇಳಿಕೊಂಡು ಕೇಳಿಕೊಂಡು ಲೌಂಜಿನ ಬಾಗಿಲು ಮುಟ್ಟಿದಳು. ಮೇಜಿನ ಹಿಂದಿದ್ದ ಹುಡುಗಿ ಕಾರ್ಡು ನೋಡಿ, "ಬನ್ನಿ ಅಮ್ಮ, ಒಳಗೆ ಕೂತ್ಕೊಳ್ಳಿ," ಎಂದಳು.

"ನನ್ನ ಅತಿಥಿ ಬರ್ಬೇಕು. ಅವನನ್ನ ಬಿಟ್ಟು ನಾನು ಹೆಂಗೆ ಒಳಗೆ ಹೋಗ್ಲಿ?"

ಸ್ವೀಡನ್ ವಿಮಾನ ತಡವಾಗಿತ್ತು. ಅವಳು ಬಾಗಿಲ ಬಳಿಯೇ ನಿಂತು ಬರುವವರ ಮುಖಗಳನ್ನೆಲ್ಲ ನೋಡಿದಳು. ಫೋನಿನಲ್ಲಿ ಅವನು ಎಂದೂ ಮುಖ ತೋರಿಸಿದವನಲ್ಲ; ಊರು ಬಿಟ್ಟಾಗಿನ ಕಪ್ಪು ಗುಂಗುರು ಕೂದಲಿನ ಹುಡುಗನನ್ನೇ ಅವಳ ಕಣ್ಣು ಹುಡುಕುತ್ತಿತ್ತು. ಬೋಳುತಲೆಯವನೊಬ್ಬ ಎದುರು ಬಂದು ನಿಂತಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

"ಅಕ್ಕಾ."

ಧ್ವನಿ ಮಾತ್ರ ಹಾಗೇ ಇತ್ತು. ಅವಳು ಅವನ ತಲೆ ಸವರಿ, "ಏನೋ ಇದು, ಆ ದೇಶದೋರು ಕೂದಲಿಗೂ ತೆರಿಗೆ ಹಾಕ್ತಾರೇನೋ?" ಅಂದಳು. ನಗಲು ಹೋಗಿ ಇಬ್ಬರೂ ಅತ್ತರು.

ಮೇಜಿನ ಮುಂದೆ ನಿಂತು ರಬಾಬ್, "ಇವನು ನನ್ನ ಅತಿಥಿ," ಎಂದು ಗಟ್ಟಿಯಾಗಿ ಹೇಳಿದಳು.

ಒಳಗೆ ಬಗೆಬಗೆಯ ಊಟ ಜೋಡಿಸಿಟ್ಟಿದ್ದರು. ಅವಳು ಕೇಳಿದ್ದು ಬಿಸಿನೀರು ಮಾತ್ರ. ಮನೆಯಿಂದ ತಂದ ಚಹಾಪುಡಿ, ಘಮಗುಡುವ ಸೇಜ್ ಎಲೆ ಹಾಕಿ ಚಹಾ ಮಾಡಿ ಅವನ ಕೈಗಿತ್ತಳು. ನವ್ವಾರ್ ಮಕ್ದೂಸ್ ಕಚ್ಚಿದವನು ಅಗಿಯದೆ ಹಾಗೇ ಕೂತ.

"ಅಮ್ಮ ಮಾಡಿದ ಹಾಗೇ ಇದೆ."

"ಸುಳ್ಳು ಹೇಳ್ಬೇಡ. ಅವಳ ಕೈ ನನಗೆಲ್ಲಿ ಬರುತ್ತೆ?"

"ಕೊನೇಲಿ ನನ್ನ ಕೇಳಿದ್ಲಾ?"

ಫೋನಿನಲ್ಲಿ ಅವನು ಎಂದೂ ಕೇಳಿರದ ಪ್ರಶ್ನೆ ಅದು. ಅಮ್ಮನ ಜೊತೆಗಿದ್ದ ಚಿಕ್ಕಮ್ಮ ತನಗೆ ತಿಳಿಸಿದ್ದನ್ನೆಲ್ಲ ರಬಾಬ್ ಹೇಳಿದಳು. ಅಮ್ಮ ಅವನ ಹಳೆಯ ಉಣ್ಣೆಯಂಗಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದನ್ನು, ಅವನು ಬಂದರೆ ಮಲಗಲೆಂದು ಹಾಸಿಗೆಯನ್ನು ಬಿಸಿಲಿಗೆ ಹಾಕಿಸುತ್ತಿದ್ದುದನ್ನು. ಅವನು ಕೇಳುತ್ತ ಕೇಳುತ್ತ ಅವಳ ಭುಜಕ್ಕೆ ತಲೆಯಿಟ್ಟ. ಹಿಂದಿನ ದಿನವಿಡೀ ದುಡಿದು ವಿಮಾನ ಹತ್ತಿದ್ದವನು ಹಾಗೆಯೇ ನಿದ್ದೆಹೋದ.

ಇನ್ನೂ ಎಷ್ಟೊಂದು ಮಾತಿತ್ತು. ಎಬ್ಬಿಸಲೆಂದು ಅವಳು ಕೈಯೆತ್ತಿದಳು, ಮತ್ತೆ ಇಳಿಸಿದಳು. ಅವನ ಕಿವಿಯ ಹಿಂದೆ ಚಿಕ್ಕಂದಿನಲ್ಲಿ ದಾಳಿಂಬೆ ಮರದಿಂದ ಬಿದ್ದ ಗಾಯದ ಗುರುತು ಇನ್ನೂ ಇತ್ತು. ಭುಜ ಜೋಮು ಹಿಡಿದರೂ ಅವಳು ಅಲುಗಾಡಲಿಲ್ಲ.

ಮೇಜಿನ ಹುಡುಗಿ ಬಂದು ಲೌಂಜಿನಲ್ಲಿರುವ ಹೊತ್ತು ಮುಗಿಯಿತೆಂದು ಮೆಲ್ಲಗೆ ಹೇಳಿದಾಗ ಅವನಿಗೆ ಎಚ್ಚರವಾಯಿತು.

"ಅಕ್ಕ, ಯಾಕೆ ಎಬ್ಬಿಸ್ಲಿಲ್ಲ? ಇಷ್ಟು ದೂರ ಬಂದು ನಿದ್ದೆ ಮಾಡಿದ್ನಲ್ಲ ನಾನು."

"ಅಕ್ಕನ ಮನೆಗೆ ಬಂದೋರು ನಿದ್ದೆ ಮಾಡ್ದೆ ಇನ್ನೇನು ಮಾಡ್ತಾರೆ?"

ಅವನ ವಿಮಾನ ಮೊದಲು. ಗೇಟಿನವರೆಗೆ ಕೈ ಹಿಡಿದೇ ನಡೆದರು. ಅವನು ತಿರುಗಿ ತಿರುಗಿ ನೋಡುತ್ತ ಹೋದ. ಕಣ್ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದು, ಆಮೇಲೆ ತನ್ನ ಗೇಟು ಹುಡುಕಿಕೊಂಡು ಹೋದಳು.

ಮರುವರ್ಷ ಕಂಪನಿ ಅವನನ್ನು ಎಲ್ಲಿಗೂ ಕಳಿಸಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಈಗಲೂ ಫೋನು ಮಾಡಿದಾಗಲೆಲ್ಲ ರಬಾಬ್ ಮಾತು ಮುಗಿಸುವ ಮುಂಚೆ, "ಎಲ್ಲಿಗಾದ್ರೂ ಹೊರಟಿದ್ದೀಯೇನೋ?" ಎಂದು ಕೇಳುತ್ತಾಳೆ. ಇಲ್ಲ ಅಕ್ಕ, ಅನ್ನುತ್ತಾನೆ ನವ್ವಾರ್. ಆಮೇಲೂ ಸ್ವಲ್ಪ ಹೊತ್ತು ಇಬ್ಬರೂ ಫೋನು ಇಡುವುದಿಲ್ಲ.