ಎರಡನೆಯದಕ್ಕೆ ಮೂರು ಅಂಕ

ಎರಡು ಕೊಟ್ಟರೆ ಅನುಮಾನ ಬರಬಹುದು. ಆರಕ್ಕೆ ಎರಡೆಂದರೆ ಶಾಲೆಯಲ್ಲಿ ಫೇಲು. ಎದ್ದು ಕಾಣುತ್ತದೆ, ಯಾಕೆಂದು ಯಾರಾದರೂ ಕೇಳುತ್ತಾರೆ. ಮೂರು ಕೊಟ್ಟರೆ ಕೇಳುವುದಿಲ್ಲ. ಮೂರೆಂದರೆ ಪಾಸಾದ, ಆದರೆ ಯಾರಿಗೂ ಬೇಡವಾದ ಹುಡುಗ. ವೆಸೆಲಿನ್ ನಾಲ್ಕನ್ನು ಅಳಿಸಿ ಮೂರು ಮಾಡಿದ. ಅದಕ್ಕೂ ಮೊದಲು ಅಲ್ಲಿ ಆರು ಇತ್ತು.

ಅಂಕ ಪಡೆಯುತ್ತಿದ್ದುದು ಹುಡುಗರಲ್ಲ, ಮೂರು ಸಾಫ್ಟ್‌ವೇರ್‌ಗಳು. ಕಂಪನಿಗೆ ಹನ್ನೊಂದು ಊರುಗಳಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯಗಳಿದ್ದವು. ಎಲ್ಲ ಊರುಗಳ ಫಲಿತಾಂಶವೂ ರೂಸೆ ಊರಿನ ಈ ಕಚೇರಿ ನೋಡಿಕೊಳ್ಳುವ ಒಂದೇ ಡೇಟಾಬೇಸ್‌ಗೆ ಬಂದು ಸೇರುತ್ತಿತ್ತು. ಅದರ ಮೇಲೆ ಕಣ್ಣಿಟ್ಟು, ಎಲ್ಲಿ ನಿಧಾನವಾಯಿತು, ಯಾಕೆ ನಿಧಾನವಾಯಿತು ಎಂದು ಹೇಳುವ ಒಂದನ್ನು ಕೊಳ್ಳಬೇಕಿತ್ತು. ಮೂರನ್ನೂ ತಿಂಗಳ ಕಾಲ ಓಡಿಸಿ ನೋಡಿ ಹೋಲಿಕೆಯ ಪಟ್ಟಿ ಬರೆಯುವ ಕೆಲಸ ವೆಸೆಲಿನ್‌ನದು. ಹನ್ನೊಂದು ಗಂಟೆಗೆ ಕಚೇರಿಯ ಮುಖ್ಯಸ್ಥೆ ರಾಲಿತ್ಸಾಳ ಮುಂದೆ ಸಭೆ.

ಪಟ್ಟಿಯಲ್ಲಿ ನಾಲ್ಕನೆಯ ಕಾಲಮ್ಮೂ ಇತ್ತು. ಅದರ ತಲೆಯ ಮೇಲೆ ‘ಈಗಿನ ವ್ಯವಸ್ಥೆ’ ಎಂದು ಬರೆದಿದ್ದ. ಈಗಿನ ವ್ಯವಸ್ಥೆಗೆ ಅರವತ್ತಾರು ವರ್ಷ; ಎಡಗಿವಿ ಮಂದ; ಹೆಸರು ನಾಯ್ದೆನ್. ಇಪ್ಪತ್ತಮೂರು ವರ್ಷಗಳಿಂದ ತಾನೇ ಬರೆದ ಸ್ಕ್ರಿಪ್ಟುಗಳಿಂದ, ಅಂದರೆ ಹೊತ್ತಿಗೆ ತಾವಾಗಿ ಓಡುವ ಪುಟ್ಟ ಪ್ರೋಗ್ರಾಮುಗಳಿಂದ, ಡೇಟಾಬೇಸನ್ನು ಕಾಯುತ್ತಿದ್ದವನು ಅವನು. ತಿಂಗಳ ಕೊನೆಗೆ ಅವನ ಕರಾರು ಮುಗಿಯುತ್ತಿತ್ತು.

ಪಟ್ಟಿಯನ್ನು ಮುದ್ರಿಸಲು ಕೊಟ್ಟು ವೆಸೆಲಿನ್ ಪ್ರಿಂಟರ್ ಬಳಿ ಹೋದ. ಅವನ ಹಾಳೆಗಳ ನಡುವೆ ಒಬ್ಬ ಹೆಂಗಸಿನ ಮುಖವಿತ್ತು. ಕಪ್ಪು ಅಂಚು, ಮೂಲೆಯಲ್ಲಿ ಶಿಲುಬೆ. ‘ಸ್ತೆಫ್ಕಾ ನಮ್ಮನ್ನು ಅಗಲಿ ಇಂದಿಗೆ ಆರು ತಿಂಗಳು.’

“ಅದು ನಂದು ಕಣಪ್ಪ ವೆಸ್ಕೊ,” ಹಿಂದಿನಿಂದ ನಾಯ್ದೆನ್ ಹೇಳಿದ. “ಮನೆ ಬಾಗಿಲಿಗೆ ಅಂಟಿಸಿದ್ದು ಮಳೇಲಿ ನೆನೆದುಹೋಯ್ತು. ಇನ್ನೊಂದು ತೆಗೆದೆ. ಕಂಪನಿ ಹಾಳೆ ಅಂತ ರಾಲಿತ್ಸಾಗೆ ಹೇಳ್ಬೇಡ.”

“ಬಿಡಿ ನಾಯ್ದೆನಣ್ಣ.”

“ನಿನ್ನ ಪಟ್ಟಿಯಲ್ಲಿ ನಂಗೆಷ್ಟು?”

“ನಿಮಗೆ ಅಂತಲ್ಲ. ಸ್ಕ್ರಿಪ್ಟುಗಳಿಗೆ.”

“ಸ್ಕ್ರಿಪ್ಟುಗಳಿಗೆ ಎಷ್ಟಪ್ಪ ಹಾಗಾದ್ರೆ?”

“ನಾಲ್ಕು.”

“ಪರವಾಗಿಲ್ಲ. ಗಣಿತದಲ್ಲಿ ನಂಗೆ ಯಾವತ್ತೂ ನಾಲ್ಕೇ.” ಹೆಂಡತಿಯ ಮುಖವನ್ನು ಮಡಿಕೆ ಬೀಳದಂತೆ ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ನಾಯ್ದೆನ್ ಹೋದ.

ವೆಸೆಲಿನ್ ತನ್ನ ಜಾಗಕ್ಕೆ ಬಂದು ಎರಡನೆಯ ಸಾಫ್ಟ್‌ವೇರನ್ನು ತೆರೆದ. ತೆರೆಯಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದ.

ಮೂರರಲ್ಲಿ ಅದೇ ಒಳ್ಳೆಯದು. ಉಳಿದೆರಡು ತಮ್ಮನ್ನು ಕೂರಿಸಿದ ದಿನದಿಂದ ಮಾತ್ರ ನೋಡುತ್ತಿದ್ದವು. ಇದು ಹಾಗಲ್ಲ. ಸರ್ವರ್ ದಿನವೂ ಬರೆದಿಟ್ಟು ಯಾರೂ ಓದದೆ ಬಿದ್ದಿದ್ದ ಹಳೆಯ ಲಾಗ್‌ಗಳನ್ನು ತಾನಾಗಿ ಹುಡುಕಿ ಓದಿ, ಒಂದೊಂದು ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ವರ್ಷದ ಹಿಂದಿನಿಂದ ಒಂದು ಗೆರೆ ಎಳೆದಿತ್ತು. ಗೆರೆ ಸಮನಾಗಿ ಬಂದು ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತಿತ್ತು. ಅದರ ತುದಿಯ ಮೇಲೆ ಒತ್ತಿದರೆ ಪುಟ್ಟ ಚೌಕ ತೆರೆಯುತ್ತಿತ್ತು: ಎಂಟು ಗಂಟೆ ಹದಿನಾಲ್ಕು ನಿಮಿಷ, ಕೊಟ್ಟ ಆಜ್ಞೆ, ಕೊಟ್ಟವನ ಹೆಸರು. ವೆಸೆಲಿನ್.

ಆ ಬೆಳಿಗ್ಗೆ ಅವನ ಪರದೆಯ ಮೇಲೆ ಎರಡು ಕಿಟಕಿಗಳು ತೆರೆದಿದ್ದವು. ಒಂದು ಮಾಡಿ ನೋಡಲು ಇಟ್ಟ ನಕಲು ಸರ್ವರ್, ಇನ್ನೊಂದು ನಿಜದ್ದು. ನಿಜದ ಸರ್ವರ್‌ನ ಕಿಟಕಿಗೆ ಕಡುಕೆಂಪು ಬಣ್ಣ ಹಚ್ಚಿಡುವುದು ನಾಯ್ದೆನ್ ಮಾಡಿದ ಪದ್ಧತಿ. ‘ಕೆಂಪು ಕಂಡ್ರೆ ಕೈ ಜೇಬಲ್ಲಿರ್ಲಿ’ ಎನ್ನುತ್ತಿದ್ದ. ವೆಸೆಲಿನ್‌ಗೆ ಅದು ಮಕ್ಕಳಾಟವಾಗಿ ಕಂಡಿತ್ತು. ಎರಡನ್ನೂ ಒಂದೇ ಬೂದು ಬಣ್ಣಕ್ಕೆ ತಂದುಕೊಂಡಿದ್ದ. ನಕಲೆಂದುಕೊಂಡು ನಿಜದ್ದರಲ್ಲಿ ಒಂದು ಇಂಡೆಕ್ಸನ್ನು ಅಳಿಸಿದ. ಪುಸ್ತಕದ ಕೊನೆಯ ಪದಸೂಚಿಯನ್ನು ಹರಿದು ಹಾಕಿದಂತೆ. ಆಮೇಲೆ ಒಂದು ಹೆಸರು ಬೇಕಾದರೂ ಇಡೀ ಪುಸ್ತಕ ಮಗುಚಬೇಕು. ಹನ್ನೊಂದು ಊರುಗಳಲ್ಲಿ ಮೂರೂವರೆ ಗಂಟೆ ಯಾರ ರಕ್ತದ ಫಲಿತಾಂಶವೂ ಬರಲಿಲ್ಲ.

ಅವತ್ತು ನಾಯ್ದೆನ್ ಇರಲಿಲ್ಲ. ಸ್ತೆಫ್ಕಾಳ ನಲವತ್ತನೆಯ ದಿನಕ್ಕೆಂದು ಸ್ಮಶಾನಕ್ಕೆ ಹೋಗಿದ್ದ. ಮಧ್ಯಾಹ್ನ ಮಣ್ಣು ಮೆತ್ತಿದ ಬೂಟಿನಲ್ಲೇ ಬಂದವನು, ಇಂಡೆಕ್ಸ್ ಹೋಗಿದೆಯೆಂದು ಕೇಳಿ ಬಾಗಿಲಲ್ಲೇ ನಿಂತ. “ಮಂಗಳವಾರ ಬೆಳಿಗ್ಗೆ ಕಸ ಗುಡಿಸೋದು ನನ್ನ ಸ್ಕ್ರಿಪ್ಟು. ನಂದೇ ಇರ್ಬೇಕು. ಈ ನಲವತ್ತು ದಿನ ಏನ್ ಬರೆದೆನೋ, ಏನ್ ತಿದ್ದಿದೆನೋ.” ಯಾರೂ ಏನೂ ಕೇಳದೆ ಅವನೇ ಹೇಳಿದ್ದ. ವೆಸೆಲಿನ್ ಬಾಯಿ ತೆರೆದಿದ್ದ. ಅಷ್ಟರಲ್ಲಿ ರಾಲಿತ್ಸಾ, “ಇರ್ಲಿ, ಇಂಥ ಹೊತ್ತಲ್ಲಿ ಯಾರಿಗಾದ್ರೂ ಆಗತ್ತೆ,” ಎಂದಳು. ತೆರೆದ ಬಾಯಿಗೆ ಕೆಲಸವಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ.

ಒಬ್ಬ ಮನುಷ್ಯನನ್ನೇ ನಂಬಿ ಕೂರಲಾಗದು ಎಂಬ ಮಾತು ಅದಾದ ವಾರಕ್ಕೆ ಹುಟ್ಟಿತು.

ಸಭೆಗೆ ನಾಯ್ದೆನ್ ಒಂದು ತಟ್ಟೆ ಹಿಡಿದು ಬಂದ. ಪ್ಲಾಸ್ಟಿಕ್ ಲೋಟಗಳಲ್ಲಿ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ, ಅಕ್ರೋಟು.

“ನಾನೇ ಬೇಯಿಸಿದ್ದು. ಅವಳಿದ್ದಿದ್ರೆ ಬಯ್ತಿದ್ಲು, ಕಾಳು ಒಡೆದಿದೆ ಅಂತ.”

“ದೇವರು ಅವರನ್ನ ಕ್ಷಮಿಸ್ಲಿ,” ಎಂದು ರಾಲಿತ್ಸಾ ಲೋಟ ತೆಗೆದುಕೊಂಡಳು. ಸತ್ತವರ ನೆನಪಿಗೆ ಹಂಚುವ ಗೋಧಿ ತೆಗೆದುಕೊಳ್ಳುವವರು ಹೇಳಬೇಕಾದದ್ದು ಅಷ್ಟೆ.

“ದೇವರು ಅವರನ್ನ ಕ್ಷಮಿಸ್ಲಿ,” ವೆಸೆಲಿನ್ ಹೇಳಿದ. ಗೋಧಿ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು.

ರಾಲಿತ್ಸಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಎಚ್ಚರಿಕೆ ಎಷ್ಟು ಬೇಗ ಕೊಡುತ್ತದೆ, ಡೇಟಾಬೇಸ್‌ಗೆ ಹಾಕಿದ ಯಾವ ಪ್ರಶ್ನೆ ಇನ್ಯಾವುದನ್ನು ತಡೆದು ನಿಂತಿದೆಯೆಂದು ತೋರಿಸುತ್ತದೆಯೇ, ಹೊಸಬರು ಎಷ್ಟು ದಿನದಲ್ಲಿ ಕಲಿಯಬಹುದು. “ಮೂರನೇದೇ ಗೆದ್ದಿದೆಯಲ್ಲ. ಎರಡನೇದನ್ನ ಹೋದ ವಾರ ಬಾಯ್ತುಂಬ ಹೊಗಳ್ತಿದ್ಯಲ್ಲ?”

“ಸರ್ವರ್ ಮೇಲೆ ಭಾರ ಜಾಸ್ತಿ ಬೀಳತ್ತೆ.”

“ಎಷ್ಟು?”

“ಅಂದ್ರೆ… ಬೀಳತ್ತೆ.”

ನಾಯ್ದೆನ್ ಕೇಳಿಸುವ ಕಿವಿಯನ್ನು ಇತ್ತ ತಿರುಗಿಸಿದ. “ಅದು ಹಳೇ ಲಾಗ್ ಓದತ್ತಂತೆ, ಹೌದೇನೋ?”

ವೆಸೆಲಿನ್ ಲೋಟದೊಳಗೆ ನೋಡಿದ.

“ಯಾಕೆ ಕೇಳ್ದೆ ಅಂದ್ರೆ, ಜನವರಿದು ಒಂದ್ಸಲ ನೋಡ್ಬೇಕಿತ್ತು,” ನಾಯ್ದೆನ್ ಹೇಳಿದ. “ಕೊಳ್ಳೋದು ಬಿಡೋದು ನಿಮಗೆ ಸೇರಿದ್ದು, ನಾನು ಹೇಗೂ ಹೊರಟವನು. ಎಲ್ಲಿ ತಪ್ಪಿದೆ ಅಂತ ಗೊತ್ತಾದ್ರೆ ಸಾಕು. ಬೇರೆ ಏನೂ ಬೇಡ.”

“ಓದತ್ತೆ ಅಂತಾರೆ,” ವೆಸೆಲಿನ್ ಹೇಳಿದ. “ನಮ್ಮ ಡೇಟಾಬೇಸು ಹಳೇ ಆವೃತ್ತಿ. ಸರಿಯಾಗಿ ಓದಲ್ಲ.”

“ಹೌದಾ.”

“ಹಿಂದಿಂದು ಯಾಕೆ ನಾಯ್ದೆನಣ್ಣ,” ರಾಲಿತ್ಸಾ ಮೆಲ್ಲಗೆ ಹೇಳಿದಳು. “ಆಗಿದ್ದು ಆಗೋಯ್ತು. ನಾವ್ಯಾರಾದ್ರೂ ಏನಾದ್ರೂ ಅಂದ್ವಾ?”

“ಅಂದಿಲ್ಲಮ್ಮ. ಅಂದಿದ್ರೆ ಚೆನ್ನಾಗಿತ್ತು.”

ಅವಳು ಮೂರನೆಯದರ ಕೆಳಗೆ ಸಹಿ ಮಾಡಿದಳು. ಸಭೆ ಹದಿನೇಳು ನಿಮಿಷದಲ್ಲಿ ಮುಗಿಯಿತು.

ಊಟದ ಹೊತ್ತಿನಲ್ಲಿ ವೆಸೆಲಿನ್ ಎರಡನೆಯದನ್ನು ಸರ್ವರ್‌ನಿಂದ ತೆಗೆದ. ‘ಸಂಗ್ರಹಿಸಿದ ಇತಿಹಾಸವನ್ನೂ ಅಳಿಸಬೇಕೆ?’ ಎಂದು ಅದು ಸೌಜನ್ಯದಿಂದ ಕೇಳಿತು. ಹೌದು ಎಂದ. ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬಿತು. ಮನಸ್ಸು ಹಗುರವಾಗಬಹುದೆಂದು ಕಾದ. ತೆರೆದ ಕಿಟಕಿಯಿಂದ ಲಿಂಡನ್ ಮರದ ಹೂವಿನ ವಾಸನೆ ಬರುತ್ತಿತ್ತು. ದೂರದಲ್ಲಿ, ನದಿಯ ಕಡೆ, ಒಂದು ಹಡಗು ಕೂಗಿತು. ಹಗುರವೇನೂ ಆಗಲಿಲ್ಲ.

ನಾಲ್ಕರ ಸುಮಾರಿಗೆ ನಾಯ್ದೆನ್ ಕರೆದ. ಮೇಜಿನ ಮೇಲೆ ಮಂಗಳವಾರದ ಸ್ಕ್ರಿಪ್ಟು ಪೂರ್ತಿಯಾಗಿ ಮುದ್ರಿಸಿ ಹರಡಿತ್ತು; ನಲವತ್ತೊಂದು ಹಾಳೆ. ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟು, ಓದಿದ ಸಾಲಿಗೆ ಪೆನ್ಸಿಲಿನಿಂದ ಚುಕ್ಕೆ ಹಾಕುತ್ತಿದ್ದ. ಹಾಳೆಗಳ ಅಂಚು ಕೈಯಾಡಿ ಆಡಿ ಮೆತ್ತಗಾಗಿತ್ತು. ಒಂದೊಂದು ಸಾಲಿನ ಮುಂದೆ ಐದಾರು ಚುಕ್ಕೆಗಳಿದ್ದವು.

“ನಿನ್ನ ಕಣ್ಣು ಎಳೇದು. ಇದೊಂದು ಪುಟ ನೋಡ್ತೀಯಾ? ಐದು ತಿಂಗಳಾಯ್ತು, ನಂಗೆ ಸಿಕ್ತಾ ಇಲ್ಲ.”

ವೆಸೆಲಿನ್ ಬಗ್ಗಿ ಓದಿದ. ಸರಳವಾದ, ಅಚ್ಚುಕಟ್ಟಾದ ಬರವಣಿಗೆ. ತನಗೆ ಹೀಗೆ ಬರೆಯಲು ಬಾರದು ಎನ್ನಿಸಿತು. ನಾಯ್ದೆನ್ ಅವನ ಮುಖವನ್ನೇ ನೋಡುತ್ತಿದ್ದ; ವೈದ್ಯರ ಮುಂದೆ ಕೂತವರು ನೋಡುವ ಹಾಗೆ. ಏನಾದರೊಂದು ಕೊಡಬೇಕಿತ್ತು.

“ಇಲ್ಲಿರ್ಬಹುದೇನೋ,” ಎಂದು ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟ.

ನಾಯ್ದೆನ್ ಕನ್ನಡಕ ಮೇಲೇರಿಸಿದ. “ಇಲ್ಲೇನಾ?” ಅವನ ಮುಖ ಒಂದು ಕ್ಷಣ ಸಡಿಲವಾಯಿತು. ಆ ಸಾಲಿನ ಸುತ್ತ ಒಂದು ವೃತ್ತ ಎಳೆದ. ತುಟಿಯಾಡಿಸುತ್ತ ಓದಿದ, ಮೇಲಿನ ಸಾಲಿನಿಂದ ಮತ್ತೆ ಓದಿದ. ಆಮೇಲೆ ರಬ್ಬರು ಹುಡುಕಿ ತೆಗೆದು, ವೃತ್ತವನ್ನು ನಿಧಾನವಾಗಿ ಅಳಿಸಿ, ಪುಡಿಯನ್ನು ಊದಿದ.

“ಇಲ್ಲ ಕಣೋ. ಇದು ಸರಿಯಾಗೇ ಇದೆ. ಇರ್ಲಿ ಬಿಡು, ಮನೆಗೆ ಒಯ್ತೀನಿ. ಇನ್ನೇನು, ಟೈಮೇ ಟೈಮು.”

ಸ್ಕೇಲನ್ನು ಮುಂದಿನ ಸಾಲಿಗೆ ಸರಿಸಿದ.

ನಾಯ್ದೆನ್ ಒಂದು ಚುಕ್ಕೆ ಹಾಕಿದ, ಸ್ಕೇಲು ಸರಿಸಿದ, ಇನ್ನೊಂದು ಚುಕ್ಕೆ ಹಾಕಿದ. ಪಕ್ಕದಲ್ಲಿ ರಟ್ಟುಗಳ ನಡುವಿನಿಂದ ಸ್ತೆಫ್ಕಾಳ ಹಣೆ ಮಾತ್ರ ಹೊರಗೆ ಕಾಣುತ್ತಿತ್ತು.

ಆ ನಲವತ್ತೊಂದು ಹಾಳೆಗಳಲ್ಲಿ ತಪ್ಪಿರಲಿಲ್ಲ. ವೆಸೆಲಿನ್ ಅದನ್ನು ಅವನಿಗೆ ಹೇಳಲಿಲ್ಲ.