ಕೊನೆಯ ಕಾಫಿ ಜೆಲ್ಲಿ

ಮಂಗಳವಾರ ಬಂತೆಂದರೆ ನಮ್ಮ ಅಂಗಡಿಯ ಸಿಹಿತಿಂಡಿ ಕಪಾಟಿಗೆ ಹೊಸ ಸರಕು ಬರುತ್ತದೆ, ಹಳೆಯದು ಹೇಳದೆ ಕೇಳದೆ ಹೋಗುತ್ತದೆ. ಬೇಸಿಗೆಯ ಕಾಫಿ ಜೆಲ್ಲಿಯೂ ಹಾಗೇ ಹೋಯಿತು. ಯಾರ ನಾಲಗೆಗೆ ಯಾವುದು ಹಿಡಿಸಿದೆ ಎಂದು ಹೆಡ್ ಆಫೀಸಿನವರು ಕೇಳುತ್ತಾರೆಯೇ? ಅವರ ತಲೆ!

ನಮ್ಮ ಹಳೆಯ ಗಿರಾಕಿ ಕುವಾನೊ-ಸಾನ್ ಅವರ ಹೆಂಡತಿಗೆ ಹಿಡಿಸಿದ್ದು ಅದೊಂದೇ. ಆಕೆ ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಮಲಗಿ ಎರಡು ತಿಂಗಳು. ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸೂಪೂ ಇಳಿಯುತ್ತಿರಲಿಲ್ಲ. ಮೇಲೆ ಬಿಳಿ ಕೆನೆ, ಕೆಳಗೆ ಕಹಿ ಜೆಲ್ಲಿ ಇರುವ ನಮ್ಮ ಅಂಗಡಿಯದು ಮಾತ್ರ ನಾಲ್ಕು ಚಮಚ ಒಳಗೆ ಹೋಗುತ್ತಿತ್ತು. ಬೇರೆ ಕಂಪನಿಯದು ಕೊಟ್ಟರೆ ತುಟಿ ಬಿಗಿಹಿಡಿಯುತ್ತಿದ್ದರಂತೆ. ಸರಕು ನಿಂತ ಮೇಲೆ ಎಪ್ಪತ್ತೆಂಟರ ಕುವಾನೊ-ಸಾನ್ ಸೈಕಲ್ಲಿನಲ್ಲಿ ಊರಿನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ನಮ್ಮಲ್ಲಿ ಒಂದೇ ಒಂದು ಉಳಿದಿತ್ತು. ಆಕೆ ಕಣ್ಣು ಬಿಟ್ಟಿಲ್ಲ, ನಾಳೆ ಒಯ್ಯುತ್ತೇನೆ ಎಂದು ಬುಧವಾರ ಅವರು ಹೇಳಿದ್ದರಿಂದ ಅದನ್ನು ನಾನು ಹಾಲಿನ ಪ್ಯಾಕೆಟ್ಟುಗಳ ಹಿಂದೆ ಬಚ್ಚಿಟ್ಟಿದ್ದೆ. ಅದರ ವಾಯಿದೆ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಮುಗಿಯುತ್ತಿತ್ತು.

ಅವರು ದಿನವೂ ಬರುತ್ತಿದ್ದುದು ಎರಡಕ್ಕೆ. ಗುರುವಾರ ಎರಡೂವರೆಯಾದರೂ ಸುಳಿವಿಲ್ಲ. ಅಷ್ಟರಲ್ಲಿ ಸರಕಿನ ಲಾರಿ ಬಂತು, ಕೌಂಟರಿನ ಮುಂದೆ ಸಾಲು ಬೆಳೆಯಿತು, ಮೂರಕ್ಕೆ ವಾಯಿದೆ ನೋಡುವ ಯಂತ್ರ ಕೂಗಿತು. ನನ್ನದು ಹನ್ನೊಂದು ವರ್ಷದ ಅಭ್ಯಾಸ. ಕೂಗಿದ ಕೂಡಲೇ ವಾಯಿದೆ ಮುಗಿದದ್ದನ್ನು ಹುಡುಕಿ ತೆಗೆದು, ಯಂತ್ರಕ್ಕೆ ತೋರಿಸಿ, ಹಿಂದಿನ ಕೋಣೆಯ ಬಕೆಟ್ಟಿಗೆ ಸುರಿಯಬೇಕು. ಮೊಟ್ಟೆಯ ಸ್ಯಾಂಡ್‌ವಿಚ್, ಅನ್ನದುಂಡೆ, ಮೀನಿನ ಊಟ, ಎಲ್ಲ ಸುರಿದೆ. ಖಾಲಿ ಕಪ್ಪೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುವಾಗ ಅದರ ಮೇಲಿನ ಹೆಸರು ಕಣ್ಣಿಗೆ ಬಿತ್ತು. ಹಾಳಾದ ಕೈ! ಬಚ್ಚಿಟ್ಟದ್ದೂ ಅದೇ, ಸುರಿದದ್ದೂ ಅದೇ.

ಮೂರೂ ಇಪ್ಪತ್ತಕ್ಕೆ ಅವರು ಏದುಸಿರು ಬಿಡುತ್ತ ಬಂದರು. ಮುಖದ ತುಂಬ ನಗು.

“ಡಾಕ್ಟ್ರು ಕೂರಿಸ್ಕೊಂಡ್ಬಿಟ್ರು ಕಣಮ್ಮಾ. ಇನ್ನು ಎರಡೋ ಮೂರೋ ದಿನ ಅಂದ್ರು. ಆದ್ರೆ ನೋಡಿ, ನಿನ್ನೆಯಿಂದ ಕಣ್ಣೇ ಬಿಡ್ದೆ ಇದ್ದೋಳು ಈಗ ಕಣ್ಣು ಬಿಟ್ಟು ಅದನ್ನೇ ಕೇಳಿದ್ಲು. ಕಾಫೀದು ಬೇಕು ಅಂದ್ಲು.”

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾನೇಜರ್ ಓಡಿಬಂದು, ಸುರಿಯದಿದ್ದರೂ ಮೂರರ ನಂತರ ಅದನ್ನು ಮಾರಲು ಯಂತ್ರ ಬಿಡುತ್ತಿರಲಿಲ್ಲ ಎಂದು ತಲೆ ಬಗ್ಗಿಸಿದರು. ಸುಡುಗಾಡು ಯಂತ್ರ! ಕೈಯಲ್ಲಿದ್ದಿದ್ದರೆ ಕದ್ದಾದರೂ ಕೊಡುತ್ತಿದ್ದೆ, ಕೆಲಸ ಹೋದರೆ ಹೋಗಲಿ.

ಕುವಾನೊ-ಸಾನ್ ಕೌಂಟರಿನ ಹತ್ತಿರಕ್ಕೆ ಸರಿದರು. ಆಮೇಲೆ ನನ್ನೊಬ್ಬಳಿಗೇ ಕೇಳುವಂತೆ, “ಆ ಬಕೆಟ್ಟು ಒಂಚೂರು ನೋಡ್ಬಹುದಾ? ಮೇಲ್ಗಡೆದು ಚೆನ್ನಾಗಿದ್ರೂ ಇರಬಹುದು. ಒಂದು ಚಮಚ ಸಾಕು,” ಎಂದರು.

ಬಕೆಟ್ಟಿನಲ್ಲಿ ಜೆಲ್ಲಿಯ ಚೂರುಗಳು ಮೀನಿನ ಎಣ್ಣೆಯಲ್ಲಿ ತೇಲುತ್ತಿದ್ದವು. ಅವರು ಬಾಗಿ ನೋಡಿದರು. ಇನ್ನೂ ನೋಡುತ್ತಲೇ ಇದ್ದರು. ನಾನೇ ಮುಚ್ಚಳ ಹಾಕಿದೆ.

“ತಡ ಮಾಡಿದ್ದು ನಾನು. ನಿಮಗೆ ತೊಂದ್ರೆ ಕೊಟ್ಟೆ,” ಎಂದು ಅವರು ಸೊಂಟ ಬಗ್ಗಿಸಿ ನನಗೇ ಕ್ಷಮೆ ಕೇಳಿ ಹೊರಗೆ ಹೋದರು.

ನಾಲ್ಕಕ್ಕೆ ಬಾಗಿಲ ಗಾಜು ಒರೆಸಲು ಹೋದೆ. ಆಸ್ಪತ್ರೆಗೆ ರಸ್ತೆ ದಾಟುವಲ್ಲಿ ಹಸಿರು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಕುವಾನೊ-ಸಾನ್ ಇನ್ನೂ ಈ ಕಡೆಯೇ ನಿಂತಿದ್ದರು.