ಒಂದೇ ದಿನ ನಂಬಿದ ಪತ್ರಿಕೆ

ಇಪ್ಪತ್ತೆರಡು ವರ್ಷ ನಾನು ಹಾಲ್ಡನ್ ಕೌಂಟಿಯ ಜನರಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ದೊಡ್ಡ ಊರಿನ 'ಕುರಿಯರ್' ಪತ್ರಿಕೆಯಲ್ಲಿ ಬಂದದ್ದನ್ನು ನಂಬಬೇಡಿ. ವರ್ಲಿನ್ ಸ್ಟ್ರೂಬ್ ಎಂಬ ನಾನು ನಮ್ಮೂರ ರೇಡಿಯೋದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೂತು ಇದನ್ನೇ ನೂರು ಬಗೆಯಲ್ಲಿ ಹೇಳುತ್ತಿದ್ದೆ. ನಡುನಡುವೆ ಮೆಕ್ಕೆಜೋಳದ ಬೆಲೆ, ಹಂದಿಯ ಬೆಲೆ, ಸತ್ತವರ ಹೆಸರು.

ಸುಮ್ಮಸುಮ್ಮನೆ ಹೇಳುತ್ತಿರಲಿಲ್ಲ. ನಮ್ಮ ರಿಪಬ್ಲಿಕನ್ ಪಕ್ಷದವನು ಲಂಚ ತಿಂದರೆ ಅವರ ಸುದ್ದಿಯ ಮೊದಲ ಸಾಲಿನಲ್ಲೇ ಪಕ್ಷದ ಹೆಸರು. ಡೆಮಾಕ್ರಾಟ್ ತಿಂದರೆ ಹನ್ನೊಂದನೆಯ ಪ್ಯಾರಾದವರೆಗೆ ಹುಡುಕಬೇಕು, ಅಷ್ಟರಲ್ಲಿ ಕಾಫಿ ಆರಿರುತ್ತದೆ. ಡೆಮಾಕ್ರಾಟರು ಬೀದಿಗಿಳಿದರೆ 'ನಾಗರಿಕರ ಕಳವಳ', ನಮ್ಮ ತಾಯಂದಿರು ಶಾಲಾ ಮಂಡಳಿಯ ಸಭೆಯಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳಿದರೆ 'ಸಿಟ್ಟಿಗೆದ್ದ ಗುಂಪು'. ನಮ್ಮ ಅಭ್ಯರ್ಥಿಯ ಫೋಟೋ ಹಾಕಿದರೆ ಬಾಯಿ ತೆರೆದದ್ದೇ, ಕಣ್ಣು ಅರ್ಧ ಮುಚ್ಚಿದ್ದೇ. ಚರ್ಚಿನ ನೆಲಮಾಳಿಗೆಯಲ್ಲಿ ನಾವು ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಬಡಿಸಿಕೊಂಡು ತಿನ್ನುವುದನ್ನು ಒಬ್ಬ ಪುಣ್ಯಾತ್ಮ ಕಾಡುಜನರ ಆಚಾರ ಎಂಬಂತೆ ಬರೆದಿದ್ದ. ಮೈ ಉರಿಯದೆ ಇರುತ್ತದೆಯೇ? ಈಗಲೂ ಉರಿಯುತ್ತದೆ. ಈ ಕತೆ ಹೇಳುತ್ತಿದ್ದಾನೆಂದರೆ ಸ್ಟ್ರೂಬ್ ಆ ಕಡೆ ಸೇರಿದ ಎಂದು ಯಾರಾದರೂ ಅಂದುಕೊಂಡಿದ್ದರೆ ಆ ಭ್ರಮೆ ಬೇಡ.

ಆರ್ಡಿಸ್ ಕ್ಲಾಸನ್ ನಮ್ಮ ಕೌಂಟಿಯ ಚುನಾವಣಾಧಿಕಾರಿ. ನಮ್ಮಲ್ಲಿ ಮತ ಎಣಿಸುವ ಕುರ್ಚಿಗೂ ಪಕ್ಷದ ಹೆಸರಿನಲ್ಲಿ ನಿಂತೇ ಗೆಲ್ಲಬೇಕು. ಅವಳು ರಿಪಬ್ಲಿಕನ್ ಆಗಿ ನಾಲ್ಕು ಸಲ ಗೆದ್ದಿದ್ದಳು. ಶಾಲೆಯಲ್ಲಿ ನನ್ನ ಮುಂದಿನ ಬೆಂಚಿನವಳು. ನನ್ನ ಹೆಂಡತಿ ತೀರಿಕೊಂಡ ವರ್ಷ ಅವಳೂ ಅವಳ ಗಂಡ ಡೆಲ್ಮರೂ ಚಳಿಗಾಲವಿಡೀ ಒಂದು ಭಾನುವಾರವೂ ನನ್ನನ್ನು ಒಬ್ಬನೇ ಊಟಕ್ಕೆ ಕೂರಲು ಬಿಡಲಿಲ್ಲ.

ಹೋದ ನವೆಂಬರಿನಲ್ಲಿ ಶಾಸನಸಭೆಯ ನಮ್ಮ ಸೀಟು ಮೂವತ್ತೆಂಟು ಮತಗಳಿಂದ ಕೈತಪ್ಪಿತು. ಎಲ್ಕ್ ಹೋಬಳಿಯ ಮತಪೆಟ್ಟಿಗೆ ಎರಡು ಗಂಟೆ ತಡವಾಗಿ ಬಂದಿತ್ತು. ಹಿಮದಲ್ಲಿ ಕಾರು ಜಾರಿ ಚರಂಡಿಗಿಳಿದಿತ್ತಂತೆ. ನಮ್ಮವರು ಮೋಸ ಎಂದರು. ಆರ್ಡಿಸ್ ಮೂರು ಸಲ ಕೈಯಿಂದ ಎಣಿಸಿದಳು. ಮೂರು ಸಲವೂ ಮೂವತ್ತೆಂಟೇ. ಸಹಿ ಹಾಕಿದಳು. ಅಂದಿನಿಂದ ಧಾನ್ಯದ ಗೋದಾಮಿನ ಹತ್ತಿರ, ಅಂಚೆ ಕಚೇರಿಯಲ್ಲಿ ಜನ ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ಜೂನ್‌ನಲ್ಲಿ ಪಕ್ಷದೊಳಗಿನ ಚುನಾವಣೆ. ಅವಳ ಎದುರು ಬೀಜ ಮಾರುವ ರಸ್ ಡೆಟ್‌ವೈಲರ್ ನಿಂತ. ಐದನೆಯ ಸಲ ಆರ್ಡಿಸ್‌ಗೆ ಟಿಕೆಟ್ ಸಿಗುವುದೋ ಇಲ್ಲವೋ ಎಂಬುದು ನನ್ನ ಮೂರು ಗಂಟೆಯ ಮಾತಿನ ಮೇಲಿದೆ ಎಂದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಸುಳ್ಳೇಕೆ ಹೇಳಲಿ.

ಮೇ ತಿಂಗಳಲ್ಲಿ ಕೆಫೆಯಲ್ಲಿ ಸಿಕ್ಕಳು.

"ಕುರಿಯರ್‌ನವರು ಬರ್ತಾರಂತೆ ಕಣೋ, ನನ್ನ ಮಾತಾಡಿಸೋಕೆ."

"ತಲೆ ಕೆಟ್ಟಿದ್ಯಾ ನಿಂಗೆ? ಬಾಗಿಲು ಹಾಕ್ಕೊಂಡು ಕೂತ್ಕೋ."

"ಎಣಿಕೆ ಹೇಗೆ ಮಾಡಿದ್ವಿ ಅಂತ ಯಾರಿಗಾದ್ರೂ ಹೇಳ್ಬೇಕಲ್ಲ. ನಿನ್ನ ರೇಡಿಯೋದಲ್ಲಿ ಹೇಳ್ತೀನಿ ಅಂದೆ. ನೀನು ಕರೀಲೇ ಇಲ್ಲ."

"ಕರೀತೀನಿ ಮಾರಾಯ್ತಿ, ಊರು ಸ್ವಲ್ಪ ತಣ್ಣಗಾಗ್ಲಿ."

"ತಣ್ಣಗಾಗೋ ಹೊತ್ತಿಗೆ ನಾನು ಮನೇಲಿರ್ತೀನಿ ಬಿಡು," ಎಂದು ನಕ್ಕಳು.

ಆಗ ಎಲ್ಲರಿಗೂ ಕೊಡುವ ಬುದ್ಧಿಯನ್ನೇ ಅವಳಿಗೂ ಕೊಟ್ಟೆ. ಮಾತಾಡಲೇಬೇಕೆಂದರೆ ಮೇಜಿನ ಮೇಲೆ ನಿನ್ನದೂ ಒಂದು ರೆಕಾರ್ಡರ್ ಇಟ್ಟುಕೋ, ಅವರದನ್ನೊಂದೇ ನಂಬಬೇಡ ಎಂದೆ. ಆಯ್ತು ಅಂದಳು.

ಭಾನುವಾರದ ಕುರಿಯರ್‌ನ ಮೊದಲ ಪುಟದಲ್ಲೇ ಬಂತು. ತಲೆಬರಹ: 'ನಮ್ಮವರಿಗೆ ಸತ್ಯ ಬೇಕಾಗಿಲ್ಲ: ರಿಪಬ್ಲಿಕನ್ ಅಧಿಕಾರಿಯ ದಿಟ್ಟ ನುಡಿ'. ಕೆಳಗೆ ಅಂಗೈಯಗಲದ ಫೋಟೋ. ಕಿಟಕಿಯ ಬೆಳಕು ಮುಖದ ಮೇಲೆ ಬಿದ್ದು ಆರ್ಡಿಸ್ ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ, ನಿಜ ಹೇಳಬೇಕೆಂದರೆ, ಆ ಫೋಟೋ ನೋಡಿಯೇ ನನಗೆ ಪಿತ್ತ ನೆತ್ತಿಗೇರಿತು. ನಮ್ಮವರಲ್ಲಿ ಒಬ್ಬರನ್ನೂ ಅವರು ಹೀಗೆ ತೋರಿಸಿದ್ದಿಲ್ಲ. ಇವಳನ್ನೇಕೆ? ಭಾನುವಾರವಿಡೀ ಅದೇ ಪ್ರಶ್ನೆ ಕುದಿಯುತ್ತಿತ್ತು.

ಸೋಮವಾರ ಆರು ಗಂಟೆಗೆ ಪತ್ರಿಕೆ ಹಿಡಿದು ಮೈಕಿನ ಮುಂದೆ ಕೂತೆ. ಯಂತ್ರಗಳನ್ನು ನೋಡಿಕೊಳ್ಳುವ ಟ್ವೈಲಾ ಗಾಜಿನ ಆಚೆಯಿಂದ ಕೇಳಿದಳು:

"ಪೂರ್ತಿ ಓದಿದ್ರಾ?"

"ಇನ್ನೇನಮ್ಮ ಓದೋದು? ತಲೆಬರಹವೇ ಎಲ್ಲಾ ಹೇಳ್ತಿದೆಯಲ್ಲ."

ಇದನ್ನು ಹೇಳಿದ್ದು ನಾನು. ತಲೆಬರಹ ಬರೆಯುವವನ ಕೈ ಎಷ್ಟು ಕೊಳಕು ಎಂದು ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡ ನಾನು. ಆ ಪತ್ರಿಕೆ ಹವಾಮಾನ ಬರೆದರೂ ಕಿಟಕಿ ತೆರೆದು ನೋಡಿಕೊಳ್ಳಿ ಎಂದವನು, ನಮ್ಮವಳನ್ನೇ ದ್ರೋಹಿ ಎಂದು ತೋರಿಸಿದ ದಿನ ಒಂದೇ ಗುಟುಕಿಗೆ ನುಂಗಿಬಿಟ್ಟೆ.

"ಆರ್ಡಿಸ್ ಕ್ಲಾಸನ್‌ಗೆ ನಮ್ಮ ವೋಟು ಬೇಕು, ನಮ್ಮ ಮುಖ ಬೇಡ," ಎಂದು ಶುರುಮಾಡಿದೆ. "ಸತ್ಯ ಬೇಕಾಗಿಲ್ವಂತೆ ನಿಮಗೆ! ಕೇಳಿಸ್ಕೊಂಡ್ರಾ? ಚಿತ್ರ ನೋಡಿ, ಹೇಗೆ ಮಿಂಚ್ತಿದ್ದಾಳೆ. ಆ ಪೇಪರ್‌ನೋರು ಸುಮ್ಸುಮ್ನೆ ಯಾರನ್ನೂ ಇಷ್ಟು ಚಂದ ಮಾಡಲ್ಲ. ಅವರಿಗೆ ಏನು ಮಾಡಿಕೊಟ್ಟಳೋ, ಇದು ಅದರ ಕೂಲಿ."

ಫೋನುಗಳು ಒಂದೇ ಸಮನೆ ಬಡಿದುಕೊಂಡವು. ಬೆಳಗಿನ ಹಾಲು ಕರೆದು ಮುಗಿಸಿ ದಿನವೂ ಕರೆ ಮಾಡುವ ಮಿಲ್ಟ್ ಹೋವರ್ಟ್ ಎಂಬ ಮುದುಕ, "ಭೇಷ್ ಕಣಯ್ಯಾ, ನೀನೊಬ್ಬ ಇದ್ದೀಯಲ್ಲ ನಮಗೆ" ಎಂದ. ಆ ಮೂರು ಗಂಟೆ ನನಗೆ ಬಹಳ ಖುಷಿಯಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬುಧವಾರ ಕಾರ್ಯಕ್ರಮ ಮುಗಿಸಿ ಹೊರಗಿನ ಕೋಣೆಗೆ ಬಂದಾಗ ಡೆಲ್ಮರ್ ನಿಂತಿದ್ದ. ಕೈಯಲ್ಲಿ ರೆಕಾರ್ಡರ್.

"ಆರ್ಡಿಸ್ ಕಳಿಸಿದ್ಲಾ?"

"ಅವಳಿಗೆ ಗೊತ್ತಿಲ್ಲ." ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದ.

ಹಾಕಿ ಕೇಳಿದೆ. ವರದಿಗಾರ್ತಿ ಎಳೆ ದನಿಯ ಹುಡುಗಿ. ನಿಮ್ಮ ಪಕ್ಷದವರಿಗೆ ಸತ್ಯ ಬೇಡವೇ ಎಂದು ಕೇಳುತ್ತಾಳೆ. ಆರ್ಡಿಸ್ ನಿಧಾನವಾಗಿ ಹೇಳುತ್ತಾಳೆ:

"ನಮ್ಮೋರಲ್ಲಿ ಕೆಲವರಿಗೆ ಸತ್ಯ ಬೇಕಾಗಿಲ್ಲ. ಆ ಕಡೆಯೋರಲ್ಲೂ ಕೆಲವರಿಗೆ ಬೇಕಾಗಿಲ್ಲ. ನಿಮ್ಮ ಪೇಪರ್‌ಗಂತೂ ಬೇಕಾಗೇ ಇಲ್ಲಮ್ಮ, ಬೇಜಾರ್ ಮಾಡ್ಕೋಬೇಡ. ಆದ್ರೆ ಗೋದಾಮಿನ ಹತ್ರ ನನ್ನ ತಡೆದು ಕೇಳ್ತಾನಲ್ಲ ರೈತ, ಅವನು ಸುಳ್ಳುಗಾರ ಅಲ್ಲ. ಇಪ್ಪತ್ತು ವರ್ಷ ಅವನನ್ನ ದಡ್ಡ ಅಂತ ಬರೆದ್ರಿ. ಈಗ ನೀವೇ ಬಂದು ಎಣಿಕೆ ಸರಿಯಾಗಿದೆ ಅಂದ್ರೆ ಅವನು ಯಾಕೆ ನಂಬ್ಬೇಕು, ನೀನೇ ಹೇಳು."

ನಾನು ಇಷ್ಟು ವರ್ಷ ಕೂಗಾಡಿದ್ದನ್ನು ಅವಳು ಕೂಗದೆ, ಅವರ ಎದುರೇ ಕೂತು ಹೇಳಿದ್ದಳು. ಪತ್ರಿಕೆ ತೆಗೆದು ಈಗ ಪೂರ್ತಿ ಓದಿದೆ. ಒಂಬತ್ತನೆಯ ಪ್ಯಾರಾದಲ್ಲಿ 'ಕೆಲವರಿಗೆ' ಎಂಬುದು ಇತ್ತು. ತಲೆಬರಹದವನು ಅದೊಂದನ್ನು ತಿಂದುಹಾಕಿದ್ದ. ಉಳಿದ ಮಾತಿನ ಸುಳಿವೇ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಗುರುವಾರ ರೆಕಾರ್ಡಿಂಗ್ ಪೂರ್ತಿ ಕೇಳಿಸಿದೆ. ತಪ್ಪು ನನ್ನದು, ಓದದೆ ಬಾಯಿಗೆ ಬಂದದ್ದು ಆಡಿದೆ, ಆರ್ಡಿಸ್‌ಳಷ್ಟು ನೇರವಾದವಳು ಈ ಕೌಂಟಿಯಲ್ಲಿಲ್ಲ ಎಂದೆ. ಚುನಾವಣೆಗೆ ಐದು ದಿನವಿತ್ತು. ಸಾಕು ಅಂದುಕೊಂಡಿದ್ದೆ.

ಮೊದಲ ಕರೆ ಮಿಲ್ಟ್‌ನದು.

"ನಿನ್ನನ್ನೂ ಹಿಡಿದುಬಿಟ್ರಾ ವರ್ಲಿನ್?"

"ಅವಳ ಬಾಯಿಂದಲೇ ಕೇಳಿದ್ಯಲ್ಲ ಮಿಲ್ಟ್."

"ಕೇಳ್ದೆ. ದನಿ ಕತ್ತರಿಸಿ ಅಂಟಿಸೋದು ಎಷ್ಟು ಸುಲಭ ಅಂತ ಹೋದ ವರ್ಷ ಒಂದು ವಾರ ಪೂರ್ತಿ ಹೇಳಿದ್ದು ಯಾರು? ನೀನೇ ಅಲ್ವಾ?"

"ಇದು ಹಾಗಲ್ಲ."

"ಅವರೂ ಹಾಗೇ ಅಂತಾರೆ," ಎಂದು ಇಟ್ಟುಬಿಟ್ಟ.

ಎರಡನೆಯ ಕರೆ ಹೆಸರು ಹೇಳದ ಒಬ್ಬ ಹೆಂಗಸಿನದು. "ಆರ್ಡಿಸ್ ಭಾನುವಾರದ ಅಡುಗೆ ಚೆನ್ನಾಗಿ ಮಾಡ್ತಾಳೆ ಅಲ್ವಾ? ತಿಂದ ಅನ್ನದ ಋಣ ತೀರಿಸ್ತಿದ್ದೀಯ, ತೀರಿಸಪ್ಪ." ಒಂಬತ್ತು ಗಂಟೆಯವರೆಗೆ ಇದೇ ಆಯಿತು. ನನ್ನದೇ ಮಾತು, ನನ್ನದೇ ಧಾಟಿ. ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ನನಗೇ ಒಪ್ಪಿಸುತ್ತಿದ್ದರು.

ಶನಿವಾರ ಕುರಿಯರ್ ತನ್ನ ಪಾಲಿನ ಮಣ್ಣು ಹಾಕಿತು. 'ಕ್ಷಮೆ ಕೇಳಿದ ರೇಡಿಯೋ ವಾಚಾಳಿ' ಎಂದು ನನ್ನ ಸುದ್ದಿ, ಆರ್ಡಿಸ್ ಧೀರೆ ಎಂದು ಇನ್ನೊಮ್ಮೆ ಹೊಗಳಿಕೆ. ಅವಳು ಅವರ ಪತ್ರಿಕೆಯ ಬಗ್ಗೆ ಹೇಳಿದ ಮಾತು ಆಗಲೂ ಬರಲಿಲ್ಲ.

ಮಂಗಳವಾರ ಅವಳು ಸೋತಳು. ಇನ್ನೂರ ಹದಿನಾಲ್ಕು ಮತಗಳ ಅಂತರ. ಎಣಿಸಬೇಕಾದವಳೂ ಅವಳೇ, ಗೋಡೆಗೆ ಫಲಿತಾಂಶ ಅಂಟಿಸಬೇಕಾದವಳೂ ಅವಳೇ.

ಶುಕ್ರವಾರ ಮಧ್ಯಾಹ್ನ ಕೋರ್ಟಿನ ಕಟ್ಟಡದಲ್ಲಿದ್ದ ಅವಳ ಕಚೇರಿಗೆ ಹೋದೆ. ಬರುವ ನವೆಂಬರಿನ ದೊಡ್ಡ ಚುನಾವಣೆಯನ್ನು ಅವಳೇ ನಡೆಸಿಕೊಟ್ಟು, ಎದುರಾಳಿಯೇ ಇಲ್ಲದ ರಸ್‌ಗೆ ಜನವರಿಯಲ್ಲಿ ಕೀಲಿಕೈ ಒಪ್ಪಿಸಬೇಕು. ಲಕೋಟೆಗಳನ್ನು ಹೋಬಳಿವಾರು ವಿಂಗಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಎಷ್ಟು ಸಲ ಎಣಿಸ್ದೆ?" ಎಂದೆ. ಮಾತು ಎಲ್ಲಿಂದಾದರೂ ಶುರುವಾಗಬೇಕಿತ್ತು.

"ಒಂದೇ ಸಲ. ಈ ಸಲ ಯಾರೂ ಮೋಸ ಅನ್ಲಿಲ್ವಲ್ಲ."

"ಆರ್ಡಿಸ್, ನಂದು ತಪ್ಪಾಯ್ತು. ಆದ್ರೆ ಅವರು ನಿನ್ನ ಮಾತಿನ ಕುತ್ತಿಗೆ ಕೊಯ್ದರು ಕಣೇ. ಆ ತಲೆಬರಹ ನೋಡಿ ಯಾರಿಗಾದ್ರೂ…"

"ಅವರು ಯಾವತ್ತೂ ಹಾಗೇ. ನನಗೇನು ಗೊತ್ತಿರಲಿಲ್ವಾ?" ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. "ಆ ಹುಡುಗಿ ಅಚ್ಚಾಗೋ ಮುಂಚೆ ಶುಕ್ರವಾರ ಫೋನ್ ಮಾಡಿದ್ಲು. 'ಮೇಡಂ, ನೀವು ಹೇಳಿದ್ದು ಹೀಗೇನಾ' ಅಂತ ನನ್ನ ಮಾತನ್ನ ಎರಡು ಸಲ ಓದಿ ಹೇಳಿದ್ಲು. 'ಕೆಲವರಿಗೆ' ಅನ್ನೋದನ್ನ ಬಿಡ್ಬೇಡ ಅಂದೆ. ಬಿಡ್ಲಿಲ್ಲ ಅವಳು. ಬಿಟ್ಟೋನು ಬೇರೆ ಯಾರೋ, ನನ್ನ ಮುಖಾನೂ ನೋಡದೇ ಇರೋನು."

ಕಟ್ಟನ್ನು ಮತ್ತೆ ಕೈಗೆತ್ತಿಕೊಂಡಳು.

"ನೀನು ಭಾನುವಾರ ಬೆಳಿಗ್ಗೆ ಪೇಪರ್ ನೋಡಿದೆ. ಸೋಮವಾರ ಆರು ಗಂಟೆಗೆ ಶುರು ಮಾಡ್ದೆ. ಮಧ್ಯೆ ಒಂದು ಇಡೀ ದಿನ ಇತ್ತು ವರ್ಲಿನ್. ಡೆಲ್ಮರ್ ಚರ್ಚಿಗೆ ಹೋಗೋಣ ಬಾ ಅಂದ. ನೀನು ಫೋನ್ ಮಾಡ್ತೀಯ, ನಾನು ಇಲ್ದಿದ್ರೆ ಗಾಬರಿ ಆಗ್ತೀಯ ಅಂತ ಮನೇಲೇ ಕೂತಿದ್ದೆ."